ಗಿಡ್ಡ ನೊಗ

ನಮ್ಮೂರಲ್ಲಿ ಸವೆದ ಪೊರಕೆಯನ್ನು ಬಿಸಾಕಬೇಕಾದರೂ ಮೊದಲು ಅದರಲ್ಲಿ ಒಂದು ಸಲ ಅಂಗಳ ಗುಡಿಸಬೇಕು. ಗುಡಿಸಿದ ಮೇಲೆ ಅದರ ಮೇಲೆ ಕೈಯಿಟ್ಟು, ‘ನಿನ್ನ ಕೆಲ್ಸ ಆಯ್ತು, ಹೋಗು’ ಅನ್ನಬೇಕು. ಇಷ್ಟು ಮಾಡಿದರೆ ಹೋಗುತ್ತದೆ. ಮಾಡದೆ ತಿಪ್ಪೆಗೆ ಎಸೆದಿರೋ, ಸಂಜೆಯೊಳಗೆ ಬಾಗಿಲ ಮೂಲೆಗೆ ವಾಪಸು ಬಂದು ನಿಂತಿರುತ್ತದೆ. ಬರುವುದನ್ನು ಕಂಡವರಿಲ್ಲ. ಬಂದು ನಿಂತಿರುವುದನ್ನು ಕಾಣದವರೂ ಇಲ್ಲ.

ಪೊರಕೆ ಸುಲಭ. ಛತ್ರಿಯಾದರೆ ಮಳೆ ಬರುವ ತನಕ ಕಾಯಬೇಕು. ಇಲಿಬೋನಾದರೆ ಇಲಿ ಬೀಳುವ ತನಕ. ನನ್ನ ಸೋದರಮಾವ ಕಾದು ಕಾದು ಬೇಸತ್ತು ಆಚೆ ಬೀದಿಯಿಂದ ಒಂದು ಇಲಿಯನ್ನು ಕೈಗಡ ತಂದ. ತಿರುಗಿ ಕೊಡಲಿಲ್ಲ ಅಂತ ಇವತ್ತಿಗೂ ಆ ಮನೆಯವರು ಮಾತು ಬಿಟ್ಟಿದ್ದಾರೆ. ಹಳೇ ತೊಟ್ಟಿಲು ಮಾರುವವರು ಪಕ್ಕದ ಮನೆಯ ಕೂಸನ್ನು ಬೇಡಿ ತಂದು, ಮಲಗಿಸಿ, ತೂಗಿ, ಕೂಸನ್ನು ಎತ್ತಿಕೊಂಡ ಮೇಲೆ ಆ ಮಾತು ಆಡುತ್ತಾರೆ. ಎತ್ತಿಕೊಂಡ ಮೇಲೆಯೇ, ಮೊದಲಲ್ಲ. ಒಂದು ಮನೆಯವರು ಅವಸರಕ್ಕೆ ಬಿದ್ದು, ಮುದುಕ ಮಲಗಿದ್ದಾಗಲೇ ಮಂಚದ ಮೇಲೆ ಕೈಯಿಟ್ಟು ‘ನಿನ್ನ ಕೆಲ್ಸ ಆಯ್ತು, ಹೋಗು’ ಅಂದುಬಿಟ್ಟರು. ಮುದುಕ ಆಗತಾನೆ ಎಲೆ ಅಡಿಕೆ ಕೇಳಿದ್ದನಂತೆ. ಸೊಸೆ ಸುಣ್ಣ ಹಚ್ಚಿಕೊಂಡು ಬರುವಷ್ಟರಲ್ಲಿ ಹೋಗಿದ್ದ. ಮಾತಿಗೆ ಮಂಚ ಯಾವುದು, ಮನುಷ್ಯ ಯಾವುದು ಗೊತ್ತಾಗುವುದಿಲ್ಲ.

ನಾನು ಓದಿದವನಲ್ಲ. ಎರಡನೇ ಕ್ಲಾಸಿನಲ್ಲೇ ಮೇಷ್ಟ್ರು ನನ್ನನ್ನು ಎಮ್ಮೆ ಕಾಯಲು ಕಳಿಸಿದರು. ಎಮ್ಮೆಗಳು ನನ್ನನ್ನು ಬಿಟ್ಟು ಮನೆಗೆ ಬಂದವು. ಈ ಓಬಳಪ್ಪ ಹೇಳುವುದರಲ್ಲಿ ಅರ್ಧ ಸುಳ್ಳು ಅಂತ ನನ್ನ ಹೆಂಡತಿ ದ್ಯಾಮಕ್ಕ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಆದರೆ ಈ ಕುಡುಗೋಲಿನ ಮಾತನ್ನು ಅವಳೂ ಒಪ್ಪುತ್ತಾಳೆ. ಕೆರೆ ಕೆಳಗಿನ ಒಬ್ಬರು ಒಂದು ಕುಡುಗೋಲನ್ನು ಸೂರಿಗೆ ಸಿಕ್ಕಿಸಿ ಮರೆತರು. ಅದು ಮೊದಲು ಸೂರಿಂದ ಜಗಲಿಗೆ ಬಂತು. ಆಮೇಲೆ ಜಗಲಿಯಿಂದ ಬೇಲಿಗೆ. ಕೆಲಸಕ್ಕೆ ಹಸಿದ ಸಾಮಾನು ಹೀಗೆ ಹತ್ತಿರ ಹತ್ತಿರ ಬರುತ್ತದೆ, ಯಾರೂ ಕೊಡದಿದ್ದರೆ ತಾನೇ ತೆಗೆದುಕೊಳ್ಳುತ್ತದೆ. ಒಂದು ದಿನ ಉಂಡು ಬಂದು ನೋಡಿದರೆ ಹಾಲುಗಟ್ಟದ ರಾಗಿ ಪೂರಾ ಕೊಯ್ದು ಸಾಲಾಗಿ ಮಲಗಿಸಿತ್ತು. ಹೊಲದ ನಡುವೆ ಕಟ್ಟಿದ್ದ ಕರುವೂ ಅದೇ ಸಾಲಲ್ಲಿ, ರಾಗಿಯಷ್ಟೇ ಅಚ್ಚುಕಟ್ಟಾಗಿ ಮಲಗಿತ್ತು.

ಇಂಥ ಊರಲ್ಲಿ ದ್ಯಾಮಕ್ಕನ ಅಪ್ಪ, ನನ್ನ ಮಾವ ಗೋಣೆಪ್ಪನಿಗೆ ಕನಿಕರದ ರೋಗ ಇತ್ತು. ಯಾರ ಮನೆಯಲ್ಲಿ ಯಾವ ಸಾಮಾನಿಗೆ ಕೊನೇ ಕೆಲಸ ಹೊಂದಿಸಲು ಆಗುವುದಿಲ್ಲವೋ ಅದನ್ನು ‘ಪಾಪ, ಇರ್ಲಿ ಬಿಡು’ ಅಂತ ಹೊತ್ತು ತರುತ್ತಿದ್ದ. ಮೂರೆಕರೆ ಹೊಲ, ಹೊಲದಲ್ಲೇ ಮನೆ, ಮನೆ ಹಿಂದೆ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ದನ ಇರಲಿಲ್ಲ, ಯಾಕೆಂದರೆ ಜಾಗ ಇರಲಿಲ್ಲ. ಕೂರಿಗೆ, ಕುಂಟೆ, ರೋಣಗಲ್ಲು, ಏತದ ಬಾನಿ, ಕೆಮ್ಮುವ ಡೀಸೆಲ್ ಇಂಜಿನ್ನು, ಮೇವು ಕತ್ತರಿಸುವ ಮಿಷನ್ನು, ಔಷಧಿ ಹೊಡೆಯುವ ಡಬ್ಬಿ, ಹಲ್ಲು ಉದುರಿದ ಹಲುಬೆ. ಮಾವ ದಿನಾ ಒಂದೊಂದಕ್ಕೆ ಸಮಾಧಾನದ ಕೆಲಸ ಕೊಡುತ್ತಿದ್ದ. ಬರೀ ಮಣ್ಣಲ್ಲಿ ಕೂರಿಗೆ ಎಳೆಯುವುದು, ಎರಡು ಹಿಡಿ ಜೋಳದ ದಂಟು ಮಿಷನ್ನಿಗೆ ಕೊಡುವುದು. ಮಕ್ಕಳಿಗೆ ಕಡಲೆ ಕೊಟ್ಟು ಸುಮ್ಮನಿರಿಸಿದ ಹಾಗೆ. ನಾನು ಮನೆ ಅಳಿಯನಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದೆ.

ಮಾವ ತೀರಿಕೊಂಡ ಮೇಲೆ ನಗು ನಿಂತಿತು. ಅವನ ತಿಥಿ ಮುಗಿಸಿ ಬಂದು ನೋಡುತ್ತೇನೆ, ಇಂಜಿನ್ನು ಕೊಟ್ಟಿಗೆಯಿಂದ ಆಚೆ ಹುಣಸೆಮರದ ಕೆಳಗೆ ನಿಂತಿದೆ. ಮಾರನೇ ವಾರ ಮೇವಿನ ಮಿಷನ್ನು ಬಚ್ಚಲ ಪಕ್ಕ ಇತ್ತು. ಬಾಯಿ ಮನೆಯ ಕಡೆಗೆ ತಿರುಗಿಸಿಕೊಂಡು, ಬ್ಲೇಡು ಮೇಲೆತ್ತಿಕೊಂಡು.

ದ್ಯಾಮಕ್ಕ ಆಗ ತುಂಬಿದ ಬಸುರಿ. ಮಿಷನ್ನು ಕಂಡವಳೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು.

“ಕೂಸು ಅಂಬೆಗಾಲಿಡೋ ಮನೇಲಿ ಇವು ಇರಬಾರ್ದು. ಹೆರಿಗೆಗೆ ಮುಂಚೆ ಕೊಟ್ಟಿಗೆ ಬರಿದಾಗ್ಬೇಕು. ಒಂದೂ ಉಳೀಬಾರ್ದು,” ಅಂದಳು.

ಅತ್ತೆ ಹಾಲಮ್ಮ ಒಳಗೆ ಕೂತು ಹುಟ್ಟುವ ಕೂಸಿಗೆ ಕೌದಿ ಹೊಲಿಯುತ್ತಿದ್ದಳು. ಮಾವನ ಹಳೇ ಪಂಚೆ, ದ್ಯಾಮಕ್ಕನ ಲಂಗ, ಯಾರದೋ ರವಿಕೆ, ಎಲ್ಲ ತೇಪೆ ತೇಪೆಯಾಗಿ ಸೇರಿದ್ದವು. “ಎಲ್ಲಾನೂವೆ?” ಅಂದಳು.

“ಎಲ್ಲಾನೂವೆ ಕಣವ್ವಾ. ನಿನ್ನ ಆ ಚಿಂದಿ ಗಂಟೂ ಸೇರಿ.”

“ಇದನ್ನ ಮುಟ್ಟು ನೋಡಾಣ. ಕೈಗೂ ಕೌದಿಗೂ ಸೇರ್ಸಿ ಹೊಲ್ದ್ಬಿಡ್ತೀನಿ.”

ಇದೆಲ್ಲ ನನಗೆ ಕೇಳಿಸುವ ಹಾಗೆ, ಆದರೆ ನನಗಲ್ಲ. ನಮ್ಮ ಕಡೆ ಅತ್ತೆ ಅಳಿಯನ ಮುಖ ನೋಡಿ ಮಾತಾಡುವುದಿಲ್ಲ. ಉಣ್ಣುವುದಕ್ಕೆ ಕರೆಯುವುದಿದ್ದರೂ ಗೋಡೆಗೆ ಹೇಳುತ್ತಾಳೆ. ಅಳಿಯ ಗೋಡೆಯಿಂದ ಕೇಳಿಸಿಕೊಳ್ಳಬೇಕು. ನಾನೂ ಹಾಲಮ್ಮನೂ ಅಷ್ಟು ವರ್ಷ ಗೋಡೆಯ ಮೂಲಕವೇ ಬಲು ಅನ್ಯೋನ್ಯವಾಗಿದ್ದೆವು.

ಗುಜರಿ ಮಕ್ಬೂಲ್ ಸಾಬರನ್ನು ಕರೆಸಿದೆವು. ನಮ್ಮೂರ ಗುಜರಿಯವರು ತಕ್ಕಡಿ ಒಂದೇ ಹಿಡಿದು ಬರುವುದಿಲ್ಲ. ಸಾಬರ ಗಾಡಿಯಲ್ಲಿ ಒಂದು ಚೀಲ ಇರುತ್ತದೆ: ಒಂದಿಷ್ಟು ರಾಗಿ, ಜೋಳದ ದಂಟು, ಹತ್ತಿ, ಡೀಸೆಲ್ಲು, ಯಾವುದಕ್ಕೆ ಯಾವ ಕೆಲಸ ಬೇಕಾಗುತ್ತದೋ ಅಂತ. ಅವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿ, “ಓಬಳಪ್ಪ, ನಿಮ್ಮಾವ ಸ್ವರ್ಗಕ್ಕೆ ಹೋಗಿರಾಕಿಲ್ಲ. ಅಲ್ಲೂ ಏನಾರಾ ಮುರುಕಲು ಸಿಕ್ಕಿ ಬಾಗಿಲಲ್ಲೇ ನಿಂತಿರ್ತಾನೆ,” ಅಂದರು.

ಕೂರಿಗೆಗೆ ಬಿತ್ತನೆ ಕೊಟ್ಟೆವು, ರೋಣಗಲ್ಲಿಗೆ ಒಂದು ಮೆದೆ ಹುಲ್ಲು ಹಾಸಿದೆವು. ಇಂಜಿನ್ನು ಕೊನೇ ಸಲ ನೀರೆತ್ತಿ, ಹೊಗೆಯಲ್ಲಿ ನಮ್ಮನ್ನೆಲ್ಲ ಕಪ್ಪು ಮಾಡಿ, ಕೆಮ್ಮಿ ನಿಂತಿತು. ಮೇವಿನ ಮಿಷನ್ನಿಗೆ ಮಾತ್ರ ದಂಟನ್ನು ದೂರ ನಿಂತೇ ಕೊಟ್ಟೆವು. ಕಟ್ಟು ಖಾಲಿಯಾದ ಮೇಲೂ ಚಕ್ರ ಇನ್ನೊಂದು ಸುತ್ತು ತಾನಾಗಿ ತಿರುಗಿತು. ಎಲ್ಲದರ ಮೇಲೂ ಕೈಯಿಟ್ಟು ಮಾತು ಹೇಳಿದೆವು. ಎಲ್ಲವೂ ಗಾಡಿ ಹತ್ತಿದವು.

ಕಟ್ಟಕಡೆಗೆ ಗೋಣಿಚೀಲಗಳ ಅಡಿಯಲ್ಲಿ ಒಂದು ನೊಗ ಸಿಕ್ಕಿತು. ಜಾಲಿಮರದ್ದು, ಗಿಡ್ಡ. ನೊಗ ಅಂದ ಮೇಲೆ ಎತ್ತು ತಾನೆ? ಪಕ್ಕದ ಹೊಲದವರ ಜೋಡಿ ಹೊಡೆದು, ನೇಗಿಲೂ ತಂದು ಕಟ್ಟಿದೆವು. ಎಷ್ಟು ಗಿಡ್ಡ ಇತ್ತೆಂದರೆ ಎತ್ತುಗಳ ಕೊಂಬು ಒಂದಕ್ಕೊಂದು ತಾಕಿ ಟಕಟಕ ಅನ್ನುತ್ತಿತ್ತು.

“ಇದು ಹೋರಿಗರುಗಳನ್ನ ಪಳಗ್ಸೋ ನೊಗ ಇರ್ಬೇಕು,” ಅಂದೆ.

“ಇರಬಹುದು,” ಅಂದರು ಸಾಬರು.

ಅತ್ತೆ ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಗೋಡೆಗೂ ಏನೂ ಹೇಳಲಿಲ್ಲ. ಎತ್ತುಗಳು ಹೆಂಗೋ ಒಂದು ಸಾಲು ಉತ್ತವು. ಮಾತು ಹೇಳಿದೆವು. ಸಾಬರು ನೊಗ ಹೇರಿಕೊಂಡು ಹೋದರು. ದ್ಯಾಮಕ್ಕ ಬರಿದಾದ ಕೊಟ್ಟಿಗೆಯನ್ನು ಸಗಣಿ ಹಾಕಿ ಸಾರಿಸಿದಳು. ಆ ದಿನ ನಾವು ಹಬ್ಬದ ಹಾಗೆ ಉಂಡೆವು.

ಬೆಳಿಗ್ಗೆ ನೊಗ ಅಂಗಳದ ಕಲ್ಲಿಗೆ ಒರಗಿ ನಿಂತಿತ್ತು.

ಬಿಸಿಲೇರುವ ಹೊತ್ತಿಗೆ ಮಕ್ಬೂಲ್ ಸಾಬರು ಗಾಡಿ ಹೊಡೆದುಕೊಂಡು ಬಂದರು. ನೊಗ ಕಂಡು ಅಂಗಳಕ್ಕೆ ಕಾಲಿಡಲಿಲ್ಲ. “ನಾನೇ ಕೈಯಾರ ಕಬ್ಬಿಣದ ರಾಶಿ ಅಡಿಗೆ ತುರುಕಿದ್ದೆ ಕಣಪ್ಪ,” ಅಂದರು. “ಇದು ಎತ್ತಿನ ಕೆಲಸ ಒಪ್ಪಿಲ್ಲ. ಬೇರೆ ಏನೋ ಕೇಳ್ತೈತೆ.”

“ನೊಗ ಎತ್ತು ಬಿಟ್ಟು ಇನ್ನೇನು ಕೇಳ್ತದೆ ಸಾಬ್ರೇ? ಬಿರಿಯಾನಿನಾ?”

ಅವರು ನಗಲಿಲ್ಲ. ನಾನು ನಕ್ಕೆ, ಆದರೆ ಆ ನಗು ನನ್ನದೇ ಕಿವಿಗೆ ಸೇರಲಿಲ್ಲ. ಅವತ್ತು ಬೇರೆ ಎತ್ತುಗಳನ್ನು ತಂದೆವು, ಆಮೇಲೆ ಎಮ್ಮೆಗಳನ್ನು, ಆಮೇಲೆ ನಾನು ಹೇಳಿದೆನಲ್ಲ ಹೋರಿಗರುಗಳನ್ನು. ಎಷ್ಟು ಉತ್ತರೂ ನೊಗ ಮಾರನೇ ದಿನ ಇನ್ನಷ್ಟು ಒಳಗೆ. ಜಗಲಿಯ ಮೇಲೆ. ಹೊಸ್ತಿಲ ಮೇಲೆ. ನಡುಮನೆಯ ಕಂಬಕ್ಕೆ ಒರಗಿಕೊಂಡು. ಕೊಡಲಿಯಿಂದ ಕಡಿಯಲು ಹೋದೆ; ಕೊಡಲಿಯ ಕಾವು ಮುರಿಯಿತು, ನೊಗಕ್ಕೆ ಗೀರೂ ಬೀಳಲಿಲ್ಲ. ಸುಡುವ ಮಾತೇ ಇಲ್ಲ. ಕೆಲಸ ಮುಗಿಯದ ಮರ ನಮ್ಮೂರಲ್ಲಿ ಉರಿಯುವುದಿಲ್ಲ.

ದ್ಯಾಮಕ್ಕನಿಗೆ ಹೆಗಲು ನೋಯತೊಡಗಿತು. ಬಸುರಿನ ನೋವು ಅಂದುಕೊಂಡೆವು. ಒಂದು ಮಧ್ಯಾಹ್ನ ನಾನು ಬದುವಿನ ಹುಲ್ಲು ಕೊಯ್ದು ಮನೆಗೆ ಬಂದೆ. ಅವಳು ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಪಕ್ಕದಲ್ಲಿ, ಗಂಡ ಮಲಗುವ ಜಾಗದಲ್ಲಿ, ನೊಗ ಮಲಗಿತ್ತು. ಅದರ ಒಂದು ತುದಿ ಅವಳ ಹೆಗಲ ಮೇಲಿತ್ತು. ಕೊರಳಿಗೆ ಕಟ್ಟುವ ಹಗ್ಗ ಅವಳ ಕುತ್ತಿಗೆಯ ಕೆಳಗಿಂದ ಅರ್ಧ ಬಂದು ನಿಂತಿತ್ತು. ಇನ್ನೊಂದು ತುದಿ ಖಾಲಿ, ನನ್ನ ಕಡೆಗೆ.

ನಾನು ಹುಲಿಯ ಬಾಲ ಹಿಡಿದು ಮೂರು ಸುತ್ತು ತಿರುಗಿಸಿದ ಕಥೆಯನ್ನು ನೂರು ಸಲ ಹೇಳಿದವನು. ಆ ಹೊತ್ತು ನನ್ನ ಗಂಟಲಿಂದ ಕರುವಿನಂಥ ಒಂದು ಸದ್ದು ಬಂತು, ಅಷ್ಟೇ. ಅಡಿಗೆಮನೆಯಿಂದ ಅತ್ತೆ ಓಡಿ ಬಂದು ನೊಗವನ್ನು ಎರಡೂ ಕೈಯಲ್ಲಿ ಕಿತ್ತು ಆಚೆ ಎಸೆದಳು. ದ್ಯಾಮಕ್ಕ ಎದ್ದು ಕೂತಳು. ಹೆಗಲ ಮೇಲೆ ಅಂಗೈ ಅಗಲ ಚರ್ಮ ಕೆಂಪಗೆ ಕಂತಿತ್ತು.

ಅತ್ತೆ ಅಲ್ಲೇ ಕೂತಳು. ಗೋಡೆ ಕಡೆ ತಿರುಗಿ ಹೇಳತೊಡಗಿದಳು.

“ನಾನು ಮೊದ್ಲೇ ಹೇಳ್ಬೇಕಿತ್ತು. ಗಂಡ ಹೆಂಡ್ತಿ ನಡುವಿನ ಮಾತು, ಅಳಿಯಂದ್ರ ಮುಂದೆ ಹೆಂಗೆ ಆಡ್ಲಿ ಅಂತ ಬಾಯಿ ಕಟ್ಕೊಂಡೆ. ಅದು ಎತ್ತಿನ ನೊಗ ಅಲ್ಲ.”

“ಮತ್ತೆ ಯಾರ್ದವ್ವಾ?” ಅಂದಳು ದ್ಯಾಮಕ್ಕ.

“ನಮ್ದು. ನಂದೂ ನಿಮ್ಮಪ್ಪಂದೂ. ಆ ವರ್ಷ ದನಕ್ಕೆ ಕಾಲುಬಾಯಿ ರೋಗ ಬಂದು ಎರಡೂ ಎತ್ತು ಹೋದ್ವು. ಮಳೆ ಬಿದ್ದಿತ್ತು, ನೆಲ ಹದ ಆರ್ತಿತ್ತು. ನಿಮ್ಮಪ್ಪ ಜಾಲಿ ಕೊಂಬೆ ಕಡ್ದು ನಮ್ಮಿಬ್ರ ಹೆಗಲಿಗೆ ಅಳತೆ ತಗಂಡು ಮಾಡ್ದ. ನಮ್ಮತ್ತೆ ನೇಗಿಲ ಮೇಳಿ ಹಿಡ್ದು ಹಿಂದೆ ಬಂದ್ಲು. ಮೂರೆಕರೆ ಎಳ್ದ್ವಿ. ನೀನು ಆಗ ಹೊಟ್ಟೇಲಿದ್ದೆ.” ಸೆರಗನ್ನು ಹೆಗಲಿಂದ ಸರಿಸಿದಳು. ಯಾವತ್ತೂ ಸುತ್ತಿ ಹೊದ್ದಿರುತ್ತಿದ್ದ ಸೆರಗು. ಅಡಿಯಲ್ಲಿ ಎತ್ತಿನ ಹೆಗಲಂಥದೇ ಒಂದು ಜಡ್ಡು. “ಅದಕ್ಕೆ ಗೊತ್ತಿರೋದು ಒಂದು ಗಂಡು, ಒಂದು ಬಸುರಿ. ಈಗ ಮನೇಲಿ ಮತ್ತೆ ಒಂದು ಜೋಡಿ ಕಾಣ್ತೈತೆ.”

ದ್ಯಾಮಕ್ಕ ಎದ್ದು ನಿಂತಳು. “ಒಂದು ಸಾಲು ತಾನೆ? ಎಳೀತೀನಿ.”

“ಎಳೀತೀಯಾ! ನಿನ್ನ ಹೊತ್ಕಂಡು ಎಳ್ದಿದ್ದಕ್ಕೆ ನೀನು ಹುಟ್ಟಿದ್ಮೇಲೆ ಎರಡು ಬಸುರು ನಿಲ್ಲಲಿಲ್ಲ ನಂಗೆ. ಕೂತ್ಕೋ.” ಅತ್ತೆಯ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಕೇಳಿರಲಿಲ್ಲ. “ಅದಕ್ಕೆ ಗುರುತಿರೋದು ನನ್ನ ಹೆಗಲು. ನಾನೇ ಹೂಡ್ಕಂತೀನಿ. ಆ ಕಡೀಗೆ...” ಅಂತ ನಿಲ್ಲಿಸಿ, ಗೋಡೆಗೆ, “ಅಳಿಯಂದ್ರು ಏನಂತಾರೋ ಕೇಳು,” ಅಂದಳು.

ಅತ್ತೆ ಅಳಿಯ ಒಂದೇ ನೊಗಕ್ಕೆ! ಇದನ್ನು ಊರಲ್ಲಿ ಹೇಳಿದರೆ ನನ್ನ ಸುಳ್ಳುಗಳಲ್ಲೇ ಇದು ದೊಡ್ಡದು ಅಂತ ಬಹುಮಾನ ಕೊಡುತ್ತಿದ್ದರು. ನಾನೂ ಗೋಡೆಗೇ ಹೇಳಿದೆ, “ಹೂಂ ಅಂತ ಹೇಳು.”

ಮಕ್ಬೂಲ್ ಸಾಬರು ಮೇಳಿ ಹಿಡಿಯಲು ಒಪ್ಪಿದರು. ಕೊಟ್ಟಿಗೆಯ ಹಿಂದಿನ ತುಂಡು ನೆಲಕ್ಕೆ ಹೋದೆವು. ದ್ಯಾಮಕ್ಕನನ್ನು ಬದುವಿನಿಂದ ಈಚೆ ಬರಬಾರದು ಅಂತ ಆಣೆ ಹಾಕಿ ಕೂರಿಸಿದೆವು. ನೊಗವನ್ನು ನೆಲದಿಂದ ಎತ್ತಬೇಕಾಗಲೇ ಇಲ್ಲ. ಬಗ್ಗಿದ್ದೇ ತಡ, ಹೆಗಲ ಮೇಲಿತ್ತು. ಹಗ್ಗವನ್ನು ನಾನು ಕಟ್ಟಲಿಲ್ಲ. ಕಟ್ಟಿಕೊಂಡಿತ್ತು.

ಎಳೆದೆವು. ನಾನು ಕಲ್ಲು ಹೊತ್ತಿದ್ದೇನೆ, ಮೂಟೆ ಹೊತ್ತಿದ್ದೇನೆ. ಇದು ಹಾಗಲ್ಲ. ಇದು ಮೂರೆಕರೆಯ ಭಾರವನ್ನು ಒಂದೇ ಸಾಲಿಗೆ ಇಟ್ಟ ಹಾಗಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಹೆಜ್ಜೆ ನನ್ನದಾಗಿ ಉಳಿಯಲಿಲ್ಲ. ನಾನು ಬಲಗಾಲು ಹಾಕಬೇಕೆಂದರೆ ಎಡಗಾಲು ಬೀಳುತ್ತಿತ್ತು, ಪಾದ ಒಳಕ್ಕೆ ತಿರುಗಿಸಿಕೊಂಡು, ಮಾವ ನಡೆಯುತ್ತಿದ್ದ ಹಾಗೆ. ಪಕ್ಕದಲ್ಲಿ ಅತ್ತೆಯ ಉಸಿರು. ಅವಳು ಒಂದು ಕೈಯನ್ನು ಹೊಟ್ಟೆಯ ಕೆಳಗೆ ಹಿಡಿದುಕೊಂಡು ನಡೆಯುತ್ತಿದ್ದಳು. ಆ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಇದ್ದವಳು ಬದುವಿನ ಮೇಲೆ ಕೂತು ಅಳುತ್ತಿದ್ದಳು. ನಾನು ಏನಾದರೂ ತಮಾಷೆ ಹೇಳೋಣ ಅಂತ ಬಾಯಿ ತೆರೆದೆ. ನೊರೆ ಬಂತು.

ಸಾಲು ಮುಗಿಯಿತು. ನನ್ನ ಕಡೆಯ ಹಗ್ಗ ಸಡಿಲವಾಗಿ ಬಿದ್ದಿತು. ನಾನು ಮೊಣಕಾಲೂರಿ ಆಚೆ ಉರುಳಿದೆ. ಅತ್ತೆಯ ಕಡೆಯದು ಸಡಿಲಲಿಲ್ಲ. ಅವಳು ಕೂತಳು, ನೊಗವೂ ಅವಳ ಜೊತೆ ಕೂತಿತು. ಸಾಬರೂ ನಾನೂ ಹಗ್ಗ ಎಳೆದೆವು, ಹಲ್ಲಲ್ಲಿ ಕಚ್ಚಿದೆವು. ಅದು ಮತ್ತಷ್ಟು ಬಿಗಿಯಿತು.

“ಮಾತು ಕೇಳ್ತೈತೆ,” ಅಂದರು ಸಾಬರು. ಕೈ ಚಾಚಿ ನೊಗದ ಮೇಲೆ ಇಡಲು ಹೋದರು. ನಾನು ಅವರ ಕೈಗೆ ಹೊಡೆದೆ.

“ಅತ್ತೆ ಇನ್ನೂ ಅಡೀಲಿದಾಳೆ ಸಾಬ್ರೇ! ಮಂಚದ ಮುದುಕ ನೆನಪಿಲ್ವಾ?”

ಹೇಳಿದರೆ ನೊಗದ ಜೊತೆ ಅವಳೂ ಹೋಗುತ್ತಾಳೆ. ಹೇಳದಿದ್ದರೆ ನೊಗ ಬಿಡುವುದಿಲ್ಲ. ಅವಳ ತುಟಿ ನೀಲಿಗಟ್ಟುತ್ತಿತ್ತು. ಆಗ ಅವಳು ಕತ್ತು ತಿರುಗಿಸಿ, ನಾನು ಆ ಮನೆಗೆ ಬಂದ ಮೇಲೆ ಮೊದಲನೇ ಸಲ, ನನ್ನ ಮುಖ ನೋಡಿದಳು.

“ಅಳಿಯಂದ್ರೇ, ಹೇಳ್ಬಿಡಿ. ನಂದೂ ಆಯ್ತು ಬಿಡಿ. ಹೊತ್ಕಂಡಿದ್ದು, ಹೆತ್ತಿದ್ದು, ಎಳ್ದಿದ್ದು ಎಲ್ಲಾ ಆಯ್ತು.”

“ಆಯ್ತಾ? ಏನವ್ವಾ ಆಯ್ತು?” ದ್ಯಾಮಕ್ಕ ಆಣೆ ಮುರಿದು ಬದು ಇಳಿದು ಬರುತ್ತಿದ್ದಳು, ಸೊಂಟಕ್ಕೆ ಕೈಕೊಟ್ಟುಕೊಂಡು, ಬಗಲಲ್ಲಿ ಆ ಚಿಂದಿ ಗಂಟು ಇರುಕಿಕೊಂಡು. ಯಾವಾಗ ಮನೆಗೆ ಹೋಗಿ ತಂದಳೋ. “ನನ್ನ ಬಾಣಂತನ ಯಾರು ಮಾಡ್ತಾರೆ? ಕೂಸಿಗೆ ಎಣ್ಣೆ ತಿಕ್ಕಿ ಎರೆಯೋರು ಯಾರು, ಈ ಸುಳ್ಳಪ್ಪನಾ? ಕೌದಿ ನೋಡು, ಅರ್ಧಕ್ಕೆ ಬಿಟ್ಟಿದೀಯ. ಅರ್ಧ ಕೌದಿ ಹೊದ್ಕಂಡು ನನ್ನ ಮಗು ಚಳೀಲಿ ಸಾಯ್ಬೇಕಾ?”

ಬಾಯಲ್ಲಿ ಬೈಗುಳ, ಕಣ್ಣಲ್ಲಿ ನೀರು. ಉತ್ತ ಸಾಲಿನಲ್ಲೇ ಕೂತು ಕೌದಿಯನ್ನು ಅವ್ವನ ತೊಡೆಯ ಮೇಲೆ ಹರಡಿದಳು. ದಾರ ಪೋಣಿಸಿದ ಸೂಜಿಯನ್ನು ಅವಳ ಬೆರಳಿಗೆ ಇಟ್ಟು, ಬೆರಳನ್ನು ತೇಪೆಯ ಅಂಚಿಗೆ ಒತ್ತಿದಳು. ಸೂಜಿ ಬಟ್ಟೆಯಲ್ಲಿ ಅರ್ಧ ಇಳಿಯಿತು.

“ಹಿಡ್ಕೋ. ಹೊಲೀತಿರು. ಬಿಡಬ್ಯಾಡ, ನಿನ್ನ ಕೆಲ್ಸ ಇನ್ನೂ ಆಗಿಲ್ಲ.” ಆಮೇಲೆ ನನಗೆ, “ಈಗ ಹೇಳಿ,” ಅಂದಳು.

“ದ್ಯಾಮೀ...”

“ಹೇಳಿ ಅಂದ್ನಲ್ಲ!”

ನಾನು ನೊಗದ ಮೇಲೆ ಕೈಯಿಟ್ಟೆ. ಅದು ಬೆಚ್ಚಗಿತ್ತು, ಎತ್ತಿನ ಮೈಯಷ್ಟು. ಕಣ್ಣು ಮುಚ್ಚಿಕೊಂಡು, “ನಿನ್ನ ಕೆಲ್ಸ ಆಯ್ತು, ಹೋಗು,” ಅಂದೆ.

ಹಗ್ಗ ಬಿಚ್ಚಿಕೊಂಡಿತು. ನೊಗ ಮಗ್ಗುಲಿಗೆ ಬಿದ್ದು, ಬರೀ ಜಾಲಿ ತುಂಡಿನ ಸದ್ದು ಮಾಡಿತು. ಅತ್ತೆಯೂ ಅದರ ಜೊತೆ ಬಿದ್ದಳು. ಕಣ್ಣು ಮುಚ್ಚಿತ್ತು, ಎದೆ ಏರುತ್ತಿರಲಿಲ್ಲ. ಸಾಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಾನು ದ್ಯಾಮಕ್ಕನ ಮುಖ ನೋಡಲಾರದೆ ಕೌದಿಯನ್ನೇ ನೋಡುತ್ತಿದ್ದೆ. ಅದಕ್ಕೇ ಮೊದಲು ಕಂಡವನು ನಾನು. ಅರ್ಧ ಇಳಿದಿದ್ದ ಸೂಜಿ ಪೂರ್ತಿ ಇಳಿಯಿತು. ಬಟ್ಟೆಯ ಕೆಳಗೆ ಬೆರಳು ಅದನ್ನು ಹುಡುಕಿ, ಮೇಲಕ್ಕೆ ಎಳೆಯಿತು. ಒಂದು ಹೊಲಿಗೆ ಬಿತ್ತು.

“ದಾರ ಬಲು ಗಿಡ್ಡ ಹಾಕಿದೀಯ ಕಣೇ,” ಅಂದಳು ಅತ್ತೆ, ಕಣ್ಣು ತೆರೆಯದೆ.

ನೊಗ ಆವತ್ತು ಗಾಡಿ ಹತ್ತಿ ಹೋದದ್ದು ವಾಪಸು ಬರಲಿಲ್ಲ. ಸಾಬರ ಒಲೆಯಲ್ಲಿ ಚೆನ್ನಾಗಿ ಉರಿಯಿತಂತೆ. ನಮಗೆ ಮಗಳು ಹುಟ್ಟಿದಳು. ಅಜ್ಜಿ ಎರೆದಳು, ತಿಕ್ಕಿದಳು, ಸಾಂಬ್ರಾಣಿ ಹಾಕಿದಳು. ಬಾಣಂತನ ಮುಗಿಯುವ ದಿನ ಹತ್ತಿರ ಬಂದಾಗ ದ್ಯಾಮಕ್ಕ ನನ್ನನ್ನು ಬಚ್ಚಲ ಹಿಂದಕ್ಕೆ ಕರೆದು, “ಇದು ಮುಗಿದ್ರೆ?” ಅಂದಳು. ನನಗೂ ಅದೇ ದಿಗಿಲು ಹತ್ತಿತ್ತು. ಆಡಿದ ಮಾತು ಹೋಗಿದೆಯೋ, ಇನ್ನೂ ಎಲ್ಲಾದರೂ ಮೂಲೆಯಲ್ಲಿ ಕೂತು ಅತ್ತೆಯ ಕೆಲಸ ಮುಗಿಯಲಿ ಅಂತ ಕಾಯುತ್ತಿದೆಯೋ, ಯಾರಿಗೆ ಗೊತ್ತು?

ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಕೆಲಸವನ್ನೂ ಪೂರ್ತಿ ಮುಗಿಸುವುದಿಲ್ಲ. ಕೇರುವ ಅಕ್ಕಿ ಮೊರದಲ್ಲಿ ಅರ್ಧ ಇರುತ್ತದೆ. ಅವರೆಕಾಯಿ ಸುಲಿಯುತ್ತಾ ಸುಲಿಯುತ್ತಾ ಅತ್ತೆ ಮಲಗಿದರೆ, ಏಳುವಷ್ಟರಲ್ಲಿ ಪಕ್ಕಕ್ಕೆ ಇನ್ನೊಂದು ಬುಟ್ಟಿ ಬಂದಿರುತ್ತದೆ. ಅರ್ಧ ಬತ್ತಿ ಹೊಸೆದ ಹತ್ತಿ, ಅರ್ಧ ಹೆಣೆದ ಮೊರ, ಗುಂಡಿಯಿಲ್ಲದ ರವಿಕೆಗಳು. ಕೊಟ್ಟಿಗೆ ಬರಿದಾಯಿತು, ಮನೆ ತುಂಬಿತು. ಬಂದವರು ಕಾಲಿಡಲು ಜಾಗವಿಲ್ಲದೆ, “ಗೋಣೆಪ್ಪನ ಮನೇನೇ ಕಣ್ರಿ ಇದು,” ಅಂತ ಮೂಗು ಮುರಿಯುತ್ತಾರೆ. ಮುರಿಯಲಿ. ಅತ್ತೆ ಬರಿಗೈಯಲ್ಲಿ ಒಂದು ಗಳಿಗೆ ಬಿಸಿಲು ಕಾಯಿಸುತ್ತಾ ಕೂತರೂ ನಾನು ಓಡಿ ಹೋಗಿ ಏನಾದರೂ ಕೆಲಸ ತಂದು ಮುಂದಿಡುತ್ತೇನೆ.

ಕೌದಿ ಈಗ ನಡುಮನೆಯಷ್ಟಿದೆ. ಮಗಳು ಅದರ ಮೇಲೆ ಓಡಾಡುತ್ತಾಳೆ. ಊರಲ್ಲಿರುವ ಚಿಂದಿಯನ್ನೆಲ್ಲ ನಾನು ಬೇಡಿ ತಂದಿದ್ದೇನೆ, ಸಾಬರೂ ಗಾಡಿಗೆ ಬಿದ್ದ ಬಟ್ಟೆಯನ್ನೆಲ್ಲ ತಂದು ಹಾಕಿದ್ದಾರೆ. ಇವತ್ತು ಬೆಳಿಗ್ಗೆ ಅತ್ತೆ ಅಂಚು ಮಡಿಸುತ್ತಾ ಕೂತಿದ್ದಳು. ಸುತ್ತ ನೋಡಿದೆ; ತೇಪೆಯ ಗಂಟು ಖಾಲಿ. ಅವಳು ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು. ಆವತ್ತಿನಿಂದ ಅವಳು ಗೋಡೆಗೆ ಮಾತಾಡುವುದು ಬಿಟ್ಟಿದ್ದಾಳೆ.

“ಅಳಿಯಂದ್ರೇ, ಇನ್ನೇನು ಮುಗೀತು,” ಅಂದಳು, ಮೆಲ್ಲಗೆ.

ನಾನು ಮೈಮೇಲಿದ್ದ ಅಂಗಿಯನ್ನು ಬಿಚ್ಚಿ, ಚರ್ರನೆ ಹರಿದು, ಅವಳ ಮುಂದಿಟ್ಟೆ.